ಐದು ಗ್ರಾಂ ಮೈಲುತುತ್ತ

ಶಾಲೆ ಬಿಟ್ಟವನಿಗೆ ರಸಾಯನಶಾಸ್ತ್ರದಿಂದಾದರೂ ಮುಕ್ತಿ ಸಿಗಬೇಕಲ್ಲವೇ? ಸಿಗಲಿಲ್ಲ.

ನಾನು ಶಾಲೆ ಬಿಟ್ಟದ್ದು ಪಾಠ ಬರದೆ ಅಲ್ಲ, ಎದ್ದು ನಿಂತು ಉತ್ತರ ಹೇಳಲಾಗದೆ. ಬರೆದರೆ ಎಲ್ಲವೂ ಸರಿ. ನಿಲ್ಲಿಸಿದರೆ ನಾಲಿಗೆ ರಜೆ ಹಾಕುತ್ತಿತ್ತು. ತುಂಬ ಬೇಡಿಕೊಂಡ ಮೇಲೆ ಅಪ್ಪ, "ಈ ವರ್ಷ ಮನೇಲಿರು, ಆಮೇಲೆ ನೋಡೋಣ" ಎಂದಿದ್ದರು. ಆ ವರ್ಷವನ್ನು ಯಾರ ಕಣ್ಣಿಗೂ ಬೀಳದೆ ಕಳೆಯುವುದೇ ನನ್ನ ಏಕೈಕ ಮಹತ್ವಾಕಾಂಕ್ಷೆ.

ಅದಕ್ಕೆ ಕಲ್ಲು ಹಾಕಿದವಳು ತಂಗಿ ಪೂರ್ವಿ. ಹುಡುಗಿಯರ ಶಾಲೆಯಲ್ಲಿ ಹನ್ನೊಂದನೇ ಕ್ಲಾಸು. ಅವಳ ಮಿಸ್ ಐದು ಗ್ರಾಂ ಮೈಲುತುತ್ತದ, ಅಂದರೆ ಕಾಪರ್ ಸಲ್ಫೇಟಿನ, ನೀಲಿ ಹರಳುಗಳನ್ನು ಪೊಟ್ಟಣ ಕಟ್ಟಿ ಕೊಟ್ಟು, ಅದರಲ್ಲಿ ಎಷ್ಟು ಪರಮಾಣುಗಳಿವೆಯೆಂದು ಲೆಕ್ಕ ಹಾಕಿ, ಪೊಟ್ಟಣದ ಸಮೇತ ತರಲು ಹೇಳಿದ್ದರು.

"ಕಾಪರ್ ಒಂದು, ಸಲ್ಫರ್ ಒಂದು, ಆಕ್ಸಿಜನ್ ನಾಲ್ಕು. ಒಂದೊಂದು ಕಣದಲ್ಲಿ ಸಿಕ್ಸ್!" ಎಂದು ಗುಣಿಸತೊಡಗಿದಳು.

ನಾನು ಸುಮ್ಮನಿರಬಹುದಿತ್ತು. (ತಪ್ಪು ಲೆಕ್ಕ ಕಂಡರೆ ನನಗೆ ಅಂಗಿಯೊಳಗೆ ಇರುವೆ ಹೊಕ್ಕಂತಾಗುತ್ತದೆ.)

"ಆರಲ್ಲ, ಇಪ್ಪತ್ತೊಂದು. ಹರಳಿನೊಳಗೆ ಒಂದೊಂದು ಕಣಕ್ಕೂ ಐದು ನೀರಿನ ಕಣ ಸೇರ್ಕೊಂಡಿವೆ. ಅವುಗಳ ಹದಿನೈದು ಪರಮಾಣು ಬಿಟ್ಟಿದ್ದೀಯ."

"ನೀರಾ? ಮುಟ್ಟಿ ನೋಡು ದಾದಾ, ಏಕ್‌ದಮ್ ಡ್ರೈ! ಸ್ಕೂಲ್ ಬಿಟ್ಟವನು ನಂಗೆ ಹೇಳ್ಕೊಡ್ತಾನೆ. ಎಲ್ಲಿ, ತೋರ್ಸು ನೀರು!"

ತೋರಿಸಿದೆ. ಕೈಗೆ ಸಿಕ್ಕಿದ್ದು ಅಮ್ಮನ ದೋಸೆ ಕಾವಲಿ. ಕಿಟಕಿ ತೆರೆದು, ಸಣ್ಣ ಉರಿಯಲ್ಲಿಟ್ಟು, ಹರಳುಗಳನ್ನು ಸುರಿದು, ಮೇಲೆ ತಣ್ಣನೆಯ ಮುಚ್ಚಳ ಹಿಡಿದೆ. ನೀಲಿ ನಿಧಾನವಾಗಿ ಬೆಳ್ಳಗಾಯಿತು. ಮುಚ್ಚಳದಲ್ಲಿ ಹನಿ ಕಟ್ಟಿತು.

"ನೋಡು, ನೀರು!" ಎಂದೆ, ದಿಗ್ವಿಜಯ ಮುಗಿಸಿದ ಚಕ್ರವರ್ತಿಯಂತೆ.

ಪೂರ್ವಿ ಹನಿಯನ್ನು ಬೆರಳಿನಿಂದ ಒರೆಸಿದಳು. "ನೀರು ಹೋಯ್ತು ತಾನೇ? ಈಗ ಒಂದು ಕಣದಲ್ಲಿ ಎಷ್ಟು?"

"ಈಗ... ಆರು."

"ಅಮ್ಮಾ! ದಾದಾ ಒಪ್ಕೊಂಡ! ನಂದೇ ಸರಿ!"

"ಆದರೆ ಈಗ ತೂಕವೂ ಇಳಿದಿದೆ, ಇದು ಐದು ಗ್ರಾಂ ಅಲ್ಲ..." ಎಂದು ನಾನು ವಿವರಿಸುತ್ತಿದ್ದೆ. ಕೇಳುವವರಾರು? ಕೂಗು ಕೇಳಿ ಬಂದ ಅಮ್ಮನ ಕಣ್ಣು ಕಾವಲಿಯ ಮೇಲಿತ್ತು.

"ಹತ್ತು ವರ್ಷ ಪಳಗಿಸಿದ ಕಾವಲಿ ಕಣೋ ಪವನ! ಇದ್ರಲ್ಲಿ ವಿಷ ಹುರಿದಿದ್ದೀಯಾ?"

"ವಿಜ್ಞಾನ ಅಮ್ಮಾ."

"ನಾಳೆಯಿಂದ ವಿಜ್ಞಾನಾನೇ ತಿನ್ನು. ದೋಸೆ ಕೇಳ್ಬೇಡ."

ಮರುದಿನ ಪೂರ್ವಿ ಬಿಳಿ ಪುಡಿಯನ್ನೇ ಒಯ್ದು, ನಡೆದದ್ದನ್ನೆಲ್ಲ ಮಿಸ್‌ಗೆ ಒದರಿಬಿಟ್ಟಳು. ಸಂಜೆ ಮಿಸ್ ಅಮ್ಮನಿಗೆ ಫೋನ್ ಮಾಡಿದರು. ನಾನು ಬೈಗುಳಕ್ಕೆ ಸಿದ್ಧನಾಗಿ ನಿಂತಿದ್ದೆ. ಅಮ್ಮ ನಗುತ್ತ ಫೋನ್ ಇಟ್ಟಳು.

"ಇಡೀ ಕ್ಲಾಸು ಆರು ಅಂತಾನೇ ಬರ್ಕೊಂಡು ಬಂದಿತ್ತಂತೆ. ನೀರು ತೋರಿಸಿದವನು ನೀನೊಬ್ನೇ. ನೀನೇ ಬಂದು ಹುಡುಗೀರಿಗೆ ವಿವರಿಸ್ಬೇಕಂತೆ. ಗುರುವಾರ ಕಳಿಸ್ತೀನಿ ಅಂದೆ."

"ಅಮ್ಮಾ! ಕ್ಲಾಸಲ್ಲಿ ಎದ್ದು ನಿಂತು ಮಾತಾಡೋಕೆ ನನ್ನ ಕೈಲಾಗಲ್ಲ ಅಂತ ಹೇಳ್ಬಾರದಿತ್ತಾ?"

"ಹೇಳಿದೆ ಕಣೋ. ಪಾಪ, ಒಳ್ಳೆ ಮಿಸ್ಸು. ಕ್ಲಾಸು ಬೇಡ, ನಿಲ್ಲೋದೂ ಬೇಡ ಅಂದ್ರು. ಆಡಿಟೋರಿಯಮ್ಮಲ್ಲಿ ವೇದಿಕೆ ಮೇಲೆ ಕುರ್ಚಿ ಹಾಕಿ, ಮೈಕ್ ಇಡ್ತಾರಂತೆ."