ಸಾಹೇಬರ ಗಾಲ್ಫ್ ಕೋಲಿಗೆ ಖಂಡೇಪೂಜೆ

“ಸಾಹೇಬ್ರ, ನಿಮ್ಮ ಸಾಮಾನಿಗೆ ಒಂದೇ ಒಂದು ಗೀರು ಬಿದ್ರೂ ನನ್ನ ಹೆಸರು ಶಂಕರೆಪ್ಪ ಅಲ್ಲರಿ!”

ಎದೆ ತಟ್ಟಿ ಹೀಗೆ ಹೇಳಿದವರು ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ ನಟ್ಟು-ಬೋಲ್ಟು ಮಾಡುವ ಕಾರ್ಖಾನೆಯೊಂದರ ಸ್ಟೋರ್‌ಕೀಪರ್ ಶಂಕರೆಪ್ಪನವರು. ಕೇಳಿಸಿಕೊಂಡವರು ಅಲ್ಲಿಯ ಮ್ಯಾನೇಜರ್, ಉಡುಪಿ ಕಡೆಯ ರಘುಪತಿ ರಾಯರು. ಇಬ್ಬರ ನಡುವೆ ಮೇಜಿನ ಮೇಲೆ ಒಂದು ಉದ್ದನೆಯ ಚರ್ಮದ ಚೀಲ ಮಲಗಿತ್ತು. ಅದರೊಳಗೆ ಗಾಲ್ಫಿನ ಹೊಸ ಐರನ್‌ಗಳ ಸೆಟ್ಟು. ಐರನ್ ಅಂದರೆ ಚೆಂಡು ಹೊಡೆಯುವ, ಉಕ್ಕಿನ ಮೂತಿಯ ಕೋಲು. ರಾಯರ ಭಾವ ವಿಲಾಯತಿಯಿಂದ ತಂದದ್ದು. ಇನ್ನೂ ಒಂದು ಚೆಂಡನ್ನೂ ಮುಟ್ಟದ ಮಾಲು!

“ನೋಡಿ ಶಂಕರೆಪ್ಪ, ನಾನೀಗ ಪುಣೆಗೆ ಹೋಗ್ಬೇಕು. ನಾಳೆ ಇಲ್ಲಿ ಆಯುಧಪೂಜೆ. ಕಬ್ಬಿಣ ಅಂತ ಕಂಡದ್ದಕ್ಕೆಲ್ಲ ನಮ್ಮ ಜನ ಕುಂಕುಮ ಮೆತ್ತುತ್ತಾರೆ. ಹೋದ ವರ್ಷ ನನ್ನ ಸ್ಟೇಪ್ಲರನ್ನೂ ಬಿಡಲಿಲ್ಲ ಮಾರಾಯ್ರೆ! ಇದು ನಿಮ್ಮ ಮನೆಯಲ್ಲಿ ಇರಲಿ. ನಾಡಿದ್ದು ದಸರಾ ದಿವಸ ಬೆಳಿಗ್ಗೆ ಸೇಠಜಿಯ ಮೈದಾನಕ್ಕೆ ತನ್ನಿ, ನಾನು ಅಲ್ಲಿಗೇ ಬರ್ತೇನೆ. ಒಂದು ಚಿಟಿಕೆ ಕುಂಕುಮ ತಾಗಬಾರದು, ಆಯ್ತಾ?”

“ಕುಂಕುಮ? ನನ್ನ ಮನ್ಯಾಗ? ಕುಂಕುಮದ ಗಾಳಿನೂ ಸೋಕೂದಿಲ್ಲರಿ!”

ಶಂಕರೆಪ್ಪನವರ ಈ ಭಕ್ತಿಗೆ ಕಾರಣವಿತ್ತು. ಕಾರ್ಖಾನೆಯ ಹಿಂದೆಯೇ ಕಂಪನಿ ಕ್ವಾರ್ಟರ್ಸಿನಲ್ಲಿ ಒಂದು ಮನೆ ಖಾಲಿ ಬಿದ್ದಿತ್ತು. ಶಿಫಾರಸು ರಾಯರದು, ಸಹಿ ಮಾಲೀಕ ಸೇಠಜಿಯದು. ರಾಯರು ಪ್ರತಿ ದಸರಾ ಮುಗಿದ ಮೇಲೆ ಶಿಫಾರಸು ಮಾಡುತ್ತಿದ್ದರು, ಸೇಠಜಿ “ಬಾದ್ ಮೇ ದೇಖೇಂಗೆ”, ಆಮೇಲೆ ನೋಡೋಣ, ಅಂತ ಮುಖ ತಿರುಗಿಸುತ್ತಿದ್ದರು. ಮನೆ ಸಿಗುವ ತನಕ ಶಂಕರೆಪ್ಪನವರಿಗೆ ಡೊಂಬಿವಲಿಯ ಲೋಕಲ್ಲೇ ಗತಿ. ಆ ರೈಲಿನ ಸುಖ ಉಂಡವರಿಗೇ ಗೊತ್ತು ಬಿಡಿ. ಅದನ್ನು ನಾವು ಹತ್ತುವುದಿಲ್ಲ, ಹಿಂದಿನವರು ಹತ್ತಿಸುತ್ತಾರೆ. ನಾವು ಇಳಿಯುವುದಿಲ್ಲ, ಮುಂದಿನವರು ಎಳೆದುಕೊಂಡು ಹೋಗುತ್ತಾರೆ. ಇಳಿದ ಮೇಲೆ ಕೈಯಲ್ಲಿರುವ ಡಬ್ಬಿ ನಮ್ಮದೇ ಹೌದೋ ಅಲ್ಲವೋ ಅಂತ ನೋಡಿಕೊಳ್ಳಬೇಕು!

ನಗುವ ಮಾತು ಅಷ್ಟೇ. ದಿವಾ ಸ್ಟೇಶನ್ನಿನ ಹತ್ತಿರ ಬಾಗಿಲಿಗೆ ಜೋತುಬಿದ್ದಿದ್ದ ಒಬ್ಬಾತ ಬಿದ್ದು ಸತ್ತ ಸುದ್ದಿ ಕೇಳಿದಂದಿನಿಂದ ಹೆಂಡತಿ ನೀಲಗಂಗಾ ಸಂಜೆಯಾದರೆ ಗ್ಯಾಲರಿಗೆ ಬಂದು ನಿಲ್ಲುತ್ತಿದ್ದಳು. ಗಂಡ ಗಲ್ಲಿಯ ತಿರುವಿನಲ್ಲಿ ಕಾಣಿಸುವ ತನಕ ಒಲೆಯ ಮೇಲೆ ಏನಿಟ್ಟಿದ್ದಾಳೆ ಅನ್ನುವುದೂ ಆಕೆಗೆ ನೆನಪಿರುತ್ತಿರಲಿಲ್ಲ. ಹೆದರಿಕೆ ಆಗುತ್ತದೆ ಅಂತ ಬಾಯಿಬಿಟ್ಟು ಹೇಳಿದವಳಲ್ಲ. “ಇಷ್ಟೊತ್ತನಕ ಎಲ್ಲಿ ಕುಂತಿದ್ರಿ?” ಅಂತ ಬೈಯುತ್ತಿದ್ದಳು. ಆ ಬೈಗುಳ ಕೇಳಿದಾಗಲೆಲ್ಲ ಶಂಕರೆಪ್ಪನವರಿಗೆ ಕರುಳು ಚುರ್ ಅನ್ನುತ್ತಿತ್ತು. ಒಂದು ಮನೆ, ಕಾರ್ಖಾನೆಯಿಂದ ನಡೆದು ಹೋಗುವಷ್ಟು ಹತ್ತಿರದ ಒಂದು ಮನೆ ಇವಳಿಗೆ ಕೊಡಬೇಕು ಅನ್ನುವುದೊಂದೇ ಆಸೆ ಅವರಿಗೆ.

ಅವತ್ತು ಸಂಜೆ ರೈಲಿನಲ್ಲಿ ಚೀಲ ನೋಡಿ ಒಬ್ಬ ಕೇಳಿದ, “ಚಾಚಾ, ಮಛಲಿ ಪಕಡನೇ ಚಲೇ ಕ್ಯಾ?”

ಮೀನು ಹಿಡಿಯುವುದೇ! ಶಂಕರೆಪ್ಪನವರು ಕತ್ತು ನೆಟ್ಟಗೆ ಮಾಡಿ, “ಗಾಲ್ಫ್!” ಅಂದರು. ಅಷ್ಟಕ್ಕೇ ಸುತ್ತಲಿನ ಮಂದಿ ಅರ್ಧ ಗೇಣು ಸರಿದು ಜಾಗ ಕೊಟ್ಟರು. ಇಷ್ಟು ವರ್ಷದ ರೈಲು ಪ್ರಯಾಣದಲ್ಲಿ ಅವರು ಆರಾಮಾಗಿ ಉಸಿರಾಡಿದ್ದು ಅವತ್ತೇ.

ಮನೆಗೆ ಬಂದು ಚಾಪೆ ಹಾಸಿ, ಕೋಲುಗಳನ್ನು ಒಂದೊಂದಾಗಿ ತೆಗೆದು ಮಲಗಿಸಿದರು. ಅಬ್ಬಾ, ಏನು ಹೊಳಪು! ಮೂತಿಯಲ್ಲಿ ಮುಖ ಕಾಣಿಸುತ್ತಿತ್ತು. ಮೂತಿಯ ಮೇಲೆ ಕೂದಲೆಳೆಯಷ್ಟು ಸಣ್ಣ ಗೆರೆಗಳು, ಅಡಿಯಲ್ಲಿ ಕೊರೆದ ನಂಬರು, ಹಿಡಿಯುವಲ್ಲಿ ಕರೀ ರಬ್ಬರು. ಒಂದನ್ನು ಎತ್ತಿ ಹಿಡಿದರೆ ತೂಕವೆಲ್ಲ ತುದಿಯಲ್ಲಿದ್ದು, ಕೈ ತಾನಾಗಿಯೇ ತೂಗಿತು. ಶಂಕರೆಪ್ಪನವರಿಗೆ ತಾವೇ ಒಂದು ಕಾರ್ಖಾನೆಯ ಮಾಲೀಕರಾದಂತೆ ಅನ್ನಿಸಿತು.

ನೀಲಗಂಗಾ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. “ಕಸ ತಗಿಯೋ ಕುರ್ಚಿಗಿ ಇದ್ದಂಗ ಅದಾವಲ್ಲರಿ. ಹರಿತ ಒಂದಿಲ್ಲ. ಏನ್ ಮಾಡ್ತಾರ ಇದರ್ಲೆ?”

“ಚಂಡು ಹೊಡದು ದೂರದ ಕುಣ್ಯಾಗ ಹಾಕ್ತಾರ.”

“ಕೈಲೆ ಒಯ್ದು ಹಾಕಿದ್ರ ಬೀಳೂದಿಲ್ಲೇನು?”

ಶಂಕರೆಪ್ಪನವರು ಕೋಲನ್ನು ಚಾಪೆಗೆ ಇಳಿಸಿ, “ನಿನಗ ತಿಳಿಯೂದಿಲ್ಲ ಬಿಡು. ನಾಡದ ಈ ಕೋಲು ಸಾಹೇಬ್ರ ಕೈಯಾಗ ಚಲೋ ನಡದ್ವು ಅಂದ್ರ ಕ್ವಾರ್ಟರ್ಸ್ ನಮ್ದೇ!” ಅಂದುಬಿಟ್ಟರು.

ನೀಲಗಂಗಾ ಆ ಮಾತು ಕೇಳಿ ಚಾಪೆಯ ಹತ್ತಿರ ಕೂತಳು. ಈಗ ಬೇರೆಯೇ ಕಣ್ಣಿನಿಂದ ಒಂದೊಂದನ್ನೂ ನೋಡಿದಳು. ನಂಬರು ಓದಿದಳು. “ಮೂರು, ನಾಕು, ಐದು... ಒಂಬತ್ತು. ಒಂದು, ಎರಡು ಎಲ್ಲದಾವರಿ?”

ಶಂಕರೆಪ್ಪನವರು ದಡಬಡಿಸಿ ಚೀಲ ತಲೆಕೆಳಗೆ ಮಾಡಿ ಕೊಡವಿದರು. ಬಿದ್ದದ್ದು ಗಾಳಿ. ಚೀಲದ ಬಾಯಿ ತೆರೆದೇ ಇತ್ತು, ಗದ್ದಲದಲ್ಲಿ ಯಾವನೋ ಎಳೆದುಕೊಂಡ! ಇಲ್ಲವೇ ಉರುಳಿಬಿತ್ತು! “ಗಾಲ್ಫ್” ಅಂತ ಡೌಲು ಬಡಿದದ್ದಕ್ಕೇ ಹೀಗಾಯಿತು ಅಂತ ತಮ್ಮ ನಾಲಗೆಯನ್ನೇ ಶಪಿಸಿಕೊಂಡರು.

ಮರುದಿನ ನವಮಿ, ಆಯುಧಪೂಜೆ; ಶಂಕರೆಪ್ಪನವರ ಊರ ಕಡೆ ಅದಕ್ಕೆ ಖಂಡೇಪೂಜೆ ಅನ್ನುತ್ತಾರೆ. ಕಾರ್ಖಾನೆಯ ಪೂಜೆಗೂ ಹೋಗದೆ, ಚಹಾನೂ ಕುಡಿಯದೆ ಸ್ಟೇಶನ್ನಿಗೆ ಓಡಿದರು. ಡೊಂಬಿವಲಿಯಲ್ಲಿ ಇಲ್ಲ, ಕಲ್ಯಾಣಕ್ಕೆ ಹೋಗಿ ನೋಡಿ ಅಂದರು. ಕಲ್ಯಾಣದಲ್ಲಿ, ಕಳೆದುಹೋದ ಸಾಮಾನು ಇಡುವ ಕೋಣೆಯ ಕ್ಲರ್ಕ್ ಹಿಂದೆ ಮುಂದೆ ಹುಡುಕಿ ಎರಡು ವಸ್ತು ತಂದು ಮುಂದಿಟ್ಟ. “ಕಾಕಾ, ಹೀ ಹಾಕಿಸ್ಟಿಕ್ ಆಹೇ, ಹೀ ಛತ್ರೀ ಆಹೇ. ಪಾಯಿಜೇ ತೀ ಘ್ಯಾ.”

ಬೇಕಾದ್ದು ತೆಗೆದುಕೊಳ್ಳಿ! ಎಂಥ ಉದಾರ ಮನಸ್ಸು! ಹಾಕಿ ಕೋಲು ಒಯ್ದು ರಾಯರ ಕೈಗೆ ಕೊಟ್ಟರೆ ಹೇಗಿರುತ್ತದೆ ಅಂತ ಒಂದು ಗಳಿಗೆ ಯೋಚಿಸಿದರು ಅನ್ನುವುದನ್ನು ಅವರು ಯಾರಿಗೂ ಹೇಳಿಲ್ಲ. ಬರಿಗೈಯಲ್ಲಿ ಮನೆಗೆ ಬಂದರು.

ಬಾಗಿಲಲ್ಲೇ ಊದಿನಕಡ್ಡಿಯ ವಾಸನೆ. ಒಳಗೆ ಕಾಲಿಟ್ಟವರು ಅಲ್ಲಿಯೇ ನಿಂತುಬಿಟ್ಟರು.

ನೆಲದ ಮೇಲೆ ರಂಗೋಲಿ. ಮಣೆಯ ಮೇಲೆ ಈಳಿಗೆ, ಕತ್ತರಿ, ಸುತ್ತಿಗೆ. ಅವುಗಳ ಹಿಂದೆ, ಗೋಡೆಗೆ ಒರಗಿ, ಸಾಲಾಗಿ ನಿಂತಿದ್ದವು ವಿಲಾಯತಿಯ ಐರನ್‌ಗಳು. ಒಂದೊಂದರ ಮೂತಿಗೂ ಮೂರೆಳೆ ವಿಭೂತಿ, ನಡುವೆ ದುಂಡಗೆ ಕುಂಕುಮ, ಕುತ್ತಿಗೆಗೆ ಚೆಂಡುಹೂವು. ಮುಂದೆ ನಂದಾದೀಪ ಉರಿಯುತ್ತಿತ್ತು. ನೋಡಿದರೆ ಕೈಯೆತ್ತಿ ಮುಗಿಯಬೇಕು, ಹಾಗಿದ್ದವು!

“ಏ ನೀಲಾ! ಏನ್ ಮಾಡಿಟ್ಟಿದಿ ಇದು?”

“ಖಂಡೇಪೂಜಿ.”

“ಕುಂಕುಮ ಸೋಕಬಾರದು ಅಂತ ಸಾಹೇಬ್ರು ಬಡಕೊಂಡಾರ!”

“ನನಗೇನು ಹೇಳಿದ್ರಿ ನೀವು? ಈ ಕೋಲು ನಡದ್ವು ಅಂದ್ರ ಕ್ವಾರ್ಟರ್ಸ್ ನಮ್ದು ಅಂದ್ರಿ. ಕಾಯಿಪಲ್ಲೆ ಹೆಚ್ಚೂ ಈಳಿಗಿಗೆ ಪೂಜಿ ಮಾಡಿ, ನಿಮ್ಮನ್ನ ಆ ಹಾಳ ರೈಲಿನಿಂದ ಬಿಡಿಸೂ ಸಾಮಾನಿಗೆ ಮಾಡದಿದ್ರ ದೇವರು ಮೆಚ್ಚತಾನೇನು?”

 ಈ ಹೆಂಗಸು ಗಂಡನ ಜೀವಕ್ಕೆ ಎಷ್ಟು ಹೆದರಿದ್ದಾಳೆ ಅನ್ನುವುದು ಆ ಸಾಲು ವಿಭೂತಿ ನೋಡಿದಾಗ ಅವರಿಗೆ ಪೂರ್ತಿ ತಿಳಿಯಿತು. ಮೆಲ್ಲಗೆ ಒಂದು ಕೋಲಿಗೆ ಕೈ ಹಾಕಲು ಹೋದರು.

“ಮುಟ್ಟಬ್ಯಾಡ್ರಿ! ಪೂಜಿಗೆ ಇಟ್ಟದ್ದು ನಾಳಿ ಆರತಿ ಆಗೂತನಕ ಅಲಗಾಡಸಬಾರದು.”

ದಸರಾ ಬೆಳಿಗ್ಗೆ ಆರತಿ ಆದದ್ದೇ ತಡ, ಶಂಕರೆಪ್ಪನವರು ಮೂತಿಗಳನ್ನು ಒರೆಸಲು ಕೂತರು. ವಿಭೂತಿ ಮರ್ಯಾದೆಯಿಂದ ಹೋಯಿತು. ಕುಂಕುಮ ಮಾತ್ರ ಆ ಸಣ್ಣ ಗೆರೆಗಳಲ್ಲಿ ಹೊಕ್ಕು ಕೂತಿತ್ತು. ಕೊನೆಗೆ ತಮ್ಮ ಹಲ್ಲುಜ್ಜುವ ಬ್ರಶ್ಶನ್ನೇ ತಂದು ತಿಕ್ಕಿ ತಿಕ್ಕಿ ತೆಗೆದರು. ಮೂತಿ ಹಿಡಿದೇ ಎತ್ತಿ, ಹಿಡಿಕೆ ಕೆಳಗಾಗಿ ಚೀಲಕ್ಕೆ ಇಳಿಸಿದರು. ಇನ್ನು ಉಳಿದದ್ದು ಒಂದು, ಎರಡು ನಂಬರಿನ ಚಿಂತೆ.

ಸೇಠಜಿಯ ಮೈದಾನ ಇದ್ದದ್ದು ಠಾಣೆ-ಬೇಲಾಪುರ ರಸ್ತೆಯಲ್ಲಿ, ಅವರ ಇನ್ನೊಂದು ಕಾರ್ಖಾನೆಯ ಹಿಂದೆ. ಬಯಲು ಸಮ ಮಾಡಿ, ಹುಲ್ಲು ಬೆಳೆಸಿ, ಆರು ಕುಳಿ ತೋಡಿಸಿದ್ದರು. ಪಕ್ಕದಲ್ಲಿ ಎಮ್ಮೆಗಳು ಮಲಗುವ ಒಂದು ಹೊಂಡ. ಪ್ರತಿ ದಸರಾ ಬೆಳಿಗ್ಗೆ ಸೇಠಜಿ ಮತ್ತು ರಾಯರು ಅಲ್ಲಿ ಆಡುತ್ತಿದ್ದರು. ಆಫೀಸಿನಲ್ಲಿ ಸೇಠಜಿ ಹೇಳಿದ್ದಕ್ಕೆಲ್ಲ ತಲೆದೂಗುವ ರಾಯರು ಆಟದಲ್ಲಿ ಮಾತ್ರ ಬಿಟ್ಟುಕೊಡುವವರಲ್ಲ. ಪ್ರತಿ ದಸರಾದಲ್ಲೂ ಅವರೇ ಗೆದ್ದಿದ್ದರು.

ರಾಯರು ಚೀಲ ತೆರೆದು ಮೂತಿಗಳ ಮೇಲೆ ಬೆರಳಾಡಿಸಿದರು. ಶಂಕರೆಪ್ಪನವರು “ಸಾಹೇಬ್ರ... ಒಂದು, ಎರಡು ನಂಬರು...” ಅಂತ ಶುರು ಮಾಡಿದರು.

“ಅದು ಇಲ್ಲ ಮಾರಾಯ್ರೆ, ಈ ಸೆಟ್ಟು ಮೂರರಿಂದಲೇ ಶುರು. ಎಲ್ಲ ಸರಿಯಾಗಿ ಉಂಟು. ಒಂದು ಕಲೆ ಇಲ್ಲ. ಭೇಷ್!”

ಶಂಕರೆಪ್ಪನವರಿಗೆ ಕುಣಿಯೋಣ ಅನ್ನಿಸಿತು! ಕ್ವಾರ್ಟರ್ಸಿನ ಬೀಗದ ಕೈ ಜೇಬಿಗೆ ಬಿದ್ದ ಹಾಗೆಯೇ ಲೆಕ್ಕ.

ರಾಯರು ಐದನೇ ನಂಬರು ತೆಗೆದು, ಕಾಲು ಅಗಲಿಸಿ, ಸೊಂಟ ತಿರುಗಿಸಿ, ಕೋಲನ್ನು ಹೆಗಲಿನಾಚೆ ಎತ್ತಿ, ಗಿರ್ರನೆ ಬೀಸಿದರು. ಚೆಂಡು ಇದ್ದಲ್ಲೇ ಇತ್ತು. ಹೊರಟದ್ದು ಕೋಲು! ರಾಯರ ಕೈಯಿಂದ ಜಾರಿ, ಬಿಸಿಲಿನಲ್ಲಿ ಮಿಂಚುತ್ತ, ಸುತ್ತು ಹೊಡೆಯುತ್ತ ಹೋಗಿ ಎಮ್ಮೆ ಹೊಂಡಕ್ಕೆ ಬಿತ್ತು. ಒಂದು ಎಮ್ಮೆ ತಲೆಯೆತ್ತಿ ನೋಡಿ ಮತ್ತೆ ಮಲಗಿತು.

“ಅರೆ ವಾಹ್ ರಾವ್ ಸಾಬ್! ಬಾಲ್ ಸೇ ಜ್ಯಾದಾ ತೋ ಸ್ಟಿಕ್ ಗಯಾ!” ಅಂದರು ಸೇಠಜಿ. ಚೆಂಡಿಗಿಂತ ಕೋಲೇ ದೂರ ಹೋಯಿತಂತೆ!

ಏಳನೇ ನಂಬರು ತೆಗೆದರು. ಅದು ಹಾರಿ ಬದಿಯ ಮಾವಿನ ಮರ ಹತ್ತಿತು. ಕರ್ಚೀಫಿನಿಂದ ಹಿಡಿಕೆ ಒರೆಸಿದರು. ಒರೆಸಿದಷ್ಟೂ ರಬ್ಬರಿನ ಸಂದಿಯಿಂದ ಜಿಡ್ಡು ಬರುತ್ತಲೇ ಇತ್ತು. ರಾಯರು ಅಂಗೈ ಮೂಸಿ ನೋಡಿದರು. ದೂರದಲ್ಲಿದ್ದ ಶಂಕರೆಪ್ಪನವರಿಗೂ ಆ ವಾಸನೆ ತಾಗಿತು. ಅವರ ಅಡಿಗೆಮನೆಯ ವಾಸನೆ, ಊರಿಂದ ತರಿಸಿದ ಕುಸುಬಿ ಎಣ್ಣೆ! ಹೊಲಮನೆಯ ಕಡೆ ಖಂಡೇಪೂಜೆಗೆ ಸಲಿಕೆ, ಕೊಡಲಿಗಳ ಮರದ ಕಾವಿಗೆ ಎಣ್ಣೆ ಕುಡಿಸುತ್ತಾರೆ. ರಬ್ಬರಾದರೇನು, ಹಿಡಿಕೆ ಹಿಡಿಕೆಯೇ ಅಂತ ನೀಲಗಂಗಾ ಪೂಜೆಗೆ ನಿಲ್ಲಿಸುವ ಮೊದಲೇ ಧಾರಾಳವಾಗಿ ಕುಡಿಸಿದ್ದಳು.

ಎಣ್ಣೆ ಹತ್ತಿದ ಕೈಯಲ್ಲಿ ರಾಯರು ಆರು ಕುಳಿಗಳನ್ನೂ ಸೋತರು. ಸೋತು ಬಂದು ಕೇಳಿದರು, “ಯಾರು ಮಾಡಿದ್ದು ಇದು?”

ಕಾರ್ಖಾನೆಯವರು ಅನ್ನಬಹುದಿತ್ತು. ರೈಲಿನಲ್ಲಿ ಯಾರದೋ ಡಬ್ಬಿ ಚೆಲ್ಲಿತು ಅನ್ನಬಹುದಿತ್ತು. ನನ್ನ ಹೆಂಡತಿಗೆ ತಿಳಿವಳಿಕೆ ಸಾಲದು ಅಂದಿದ್ದರೆ ಎಲ್ಲಕ್ಕಿಂತ ಸಲೀಸು, ಇಬ್ಬರೂ ನಕ್ಕು ಮರೆಯುತ್ತಿದ್ದರು. ಆದರೆ ಗ್ಯಾಲರಿಯಲ್ಲಿ ನಿಂತ ನೀಲಗಂಗಾ ಕಣ್ಣ ಮುಂದೆ ಬಂದಳು. ಆಕೆಯ ಹೆಸರು ಈ ನಗೆಗೆ ಸಿಗಬಾರದು ಅನ್ನಿಸಿತು. ಮನೆ ಹೋದರೆ ಹೋಗಲಿ.

“ನಾನೇ ಹಚ್ಚೀನ್ರಿ ಸಾಹೇಬ್ರ. ಪೂಜಾ ಮಾಡಿ ನಾನೇ ಎಣ್ಣಿ ಹಚ್ಚೀನಿ.”

“ನಿಮಗೆ ತಲೆ ಉಂಟಾ? ಕ್ವಾರ್ಟರ್ಸಿನ ಆಸೆ ಇವತ್ತೇ ಬಿಡಿ!”

ಅಷ್ಟರಲ್ಲಿ ಸೇಠಜಿ ಬಂದರು. ಎಣ್ಣೆಯ ಸಂಗತಿ ಕಿವಿಗೆ ಬಿದ್ದು, ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದಿತ್ತು. ಜೀವಮಾನದಲ್ಲಿ ಮೊದಲ ಸಲ ರಾವ್ ಸಾಬರನ್ನು ಸೋಲಿಸಿದ್ದರು! “ಯೇ ಆದ್ಮೀ ಕೌನ್ ಹೈ? ಇಸ್ಕೋ ಠಾಣಾ ಮೇ ಘರ್ ದೋ! ಔರ್ ರಾವ್ ಸಾಬ್, ಆಪ್‌ಕಾ ಸೆಟ್ ಹರ್ ದಸೇರೇ ಪೇ ಇಸೀ ಕೇ ಘರ್ ರಹೇಗಾ!” ಅಂದರು. ಇವನಿಗೆ ಠಾಣೆಯಲ್ಲಿ ಮನೆ, ಪ್ರತಿ ದಸರಾಕ್ಕೆ ರಾಯರ ಸೆಟ್ಟು ಇವನ ಮನೆಯಲ್ಲೇ ಅಂತ ಘೋಷಿಸಿ, ಅಲ್ಲಿಯೇ ಶಂಕರೆಪ್ಪನವರ ಬೆನ್ನು ಚಪ್ಪರಿಸಿದರು. ರಾಯರು ಮಾವಿನ ಮರ ನೋಡುತ್ತ ನಿಂತರು.

ಮನೆಯಲ್ಲಿ ಸುದ್ದಿ ಕೇಳಿ ನೀಲಗಂಗಾಳ ಕಣ್ಣು ತುಂಬಿತು. “ಇನ್ನ ಮ್ಯಾಲೆ ಆ ರೈಲು ಇಲ್ಲ, ಹೌದಲ್ಲರಿ?” ಅಂತ ಮತ್ತೆ ಮತ್ತೆ ಕೇಳಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು, “ಎಣ್ಣಿ ಹಚ್ಚಿದಾಕಿ ನಾ ಅಂತ ಹೇಳಿದ್ರಿಲ್ಲೋ?” ಅಂದಳು.

ಶಂಕರೆಪ್ಪನವರು ಎದೆಯುಬ್ಬಿಸಿದರು. “ಛೇ! ನಿನ್ನ ಹೆಸರು ಬರಗೊಡ್ತೀನೇನು? ಎಲ್ಲಾ ನಾನೇ ಮಾಡೀನಿ ಅಂದೆ!”

ನೀಲಗಂಗಾಳ ಮುಖ ಕೆಂಪಗಾಯಿತು. “ಉಪಾಸ ಇದ್ದು ಪೂಜಿ ಮಾಡಿದಾಕಿ ನಾನು, ಹೆಸರು ನಿಮ್ಮದಾ? ನಾಳಿ ಹೋಗಿ ಸೇಠಜಿಗೆ ಖರೇ ಹೇಳಿ ಬರ್ರಿ. ಇಲ್ಲಾಂದ್ರ ಆ ಮನ್ಯಾಗ ನೀವೊಬ್ರೇ ಇರ್ರಿ!”

ಮರುದಿನ ಶಂಕರೆಪ್ಪನವರು ಕೈಕಟ್ಟಿಕೊಂಡು ಸೇಠಜಿಯ ಮೇಜಿನ ಮುಂದೆ ನಿಂತರು. “ಸೇಠಜಿ, ವೋ ತೇಲ್ ಮೈನೇ ನಹೀ ಲಗಾಯಾ ಥಾ. ಮೇರೀ ಘರವಾಲೀ ನೇ ಲಗಾಯಾ.”

ಸೇಠಜಿ ಸಹಿ ಮಾಡುತ್ತಿದ್ದ ಕಾಗದದಿಂದ ತಲೆಯನ್ನೂ ಎತ್ತಲಿಲ್ಲ.

“ಮಾಲೂಮ್ ಥಾ. ತುಮ್ ಮೇ ಇತ್ನೀ ಅಕಲ್ ಕಹಾಂ?”