ಕಾಲು ಸಡಿಲ ಬಿಡಿ

— ಒರೆಸಬೇಡ ಅಂದೆನಲ್ಲೇ! ಎರಡು ತಿಂಗಳು ಬೆಳಗ್ಗೆ ಸಂಜೆ ತಿಕ್ಕಿ ತಿಕ್ಕಿ ಮೆತ್ತಗೆ ಮಾಡಿದ ಕಾಲು ಅದು.

— ಅತ್ತೆ, ಮೆಲ್ಲಗೆ. ಹೊರಗೆ ಜನ ಕೂತಿದಾರೆ.

— ಕೂತಿರ್ಲಿ. ಗಡಿಗೆಯಲ್ಲಿ ಎರಡು ವರ್ಷ ಕೂತ ಬೆಣ್ಣೆ ಅದು. ಕದ್ದು ತಂದಿದ್ದಲ್ಲ.

ಗುಡ್ಡದೂರು ಇಫ್ರಾನ್‌ನ ಪುಟ್ಟ ಕ್ಲಿನಿಕ್ಕಿನ ಸ್ಕ್ಯಾನಿಂಗ್ ಕೋಣೆಯಲ್ಲಿ ತೂದಾ ಬೋರಲು ಮಲಗಿದ್ದಳು, ಪಾದ ಎರಡೂ ಮಂಚದಾಚೆ. ಎಡಗಾಲಿನ ಹಿಮ್ಮಡಿಯನ್ನು ಮೀನಖಂಡಕ್ಕೆ ಕಟ್ಟುವ ದಪ್ಪ ನರ ನೋಯತೊಡಗಿ ಎರಡು ತಿಂಗಳು. ಭಾನುವಾರ ದೇವದಾರು ಕಾಡಿನಲ್ಲಿ ಆಯ್ಕೆಯ ಓಟ. ಡಾಕ್ಟರ ಸಹಿ ಇಲ್ಲದೆ ಕೋಚ್ ಓಡಲು ಬಿಡುವುದಿಲ್ಲ. ಮಗ ಅನೀರ್ ಹುಟ್ಟಿದ ಮೇಲೆ ತಂಡಕ್ಕೆ ಮರಳಲು ಅವಳಿಗಿದ್ದ ಮೊದಲ ಬಾಗಿಲು ಇದೇ. ಒಂಬತ್ತು ತಿಂಗಳ ಅನೀರ್ ಸದ್ಯಕ್ಕೆ ಅತ್ತೆ ಹಾದ್ದಾಳ ಬೆನ್ನಿನ ಮೇಲೆ ನಿದ್ದೆಯಲ್ಲಿದ್ದ.

ಡಾಕ್ಟರ್ ವಿಜ್ದಾನ್ ಒಳಗೆ ಬಂದವರೇ ಮೂಗು ಅರಳಿಸಿದರು.

— ಯಾರು ಊಟ ತಂದಿರೋದು?

— ಊಟ ಅಲ್ಲ ಡಾಕ್ಟ್ರಮ್ಮಾ, ಔಷಧಿ. ಕಾಲಿಗೆ ಹಚ್ಚಿದ್ದು.

— ನಮ್ಮಮ್ಮ ಇದನ್ನ ಶುಕ್ರವಾರ ಕುಸ್ಕುಸ್ ಅಡುಗೆಗೆ ಹಾಕ್ತಾರೆ.

— ಯಾವೂರು ನಿಮ್ಮದು?

— ಸೆಫ್ರೂ.

— ಅಯ್ಯೋ, ಚೆರ್ರಿ ಬೆಳೆಯೋರಿಗೆ ಬೆಣ್ಣೆ ಬೆಲೆ ಏನು ಗೊತ್ತು!

ಡಾಕ್ಟರ್ ನಗುತ್ತ ತಣ್ಣನೆಯ ಜೆಲ್ ಸುರಿದು, ಯಂತ್ರದ ತುದಿಯನ್ನು ತೂದಾಳ ಹಿಮ್ಮಡಿಯ ಮೇಲಿಟ್ಟರು.

— ನೋಡಿ, ಈ ಯಂತ್ರ ನರದೊಳಗೆ ಒಂದು ಅಲೆ ಕಳಿಸುತ್ತೆ. ನರ ಗಟ್ಟಿ ಇದ್ರೆ ಅಲೆ ಬೇಗ ಓಡುತ್ತೆ, ಪರದೆ ಕೆಂಪಾಗುತ್ತೆ. ನರ ಸೊರಗಿದ್ರೆ ನಿಧಾನ, ನೀಲಿ.

— ನೀಲಿ ಬಂದ್ರೆ ಮೆತ್ತಗಿದೆ ಅಂತ. ಒಳ್ಳೇದು, ಅಂದಳು ಹಾದ್ದಾ.

— ಇಲ್ಲಮ್ಮ, ಕೆಂಪು ಒಳ್ಳೇದು.

— ಕೆಂಪು ಅಂದ್ರೆ ಉರಿಯಲ್ವಾ?

— ಇಲ್ಲಿ ಅಲ್ಲ.

ಹಾದ್ದಾ ವಾದಕ್ಕೆ ಇಳಿದಳು. ತೂದಾಳ ಕಿವಿಗೆ ಬೇಕಾದದ್ದು ಬಿದ್ದಾಗಿತ್ತು. ಅವಳು ಸದ್ದಿಲ್ಲದೆ ಕಾಲ್ಬೆರಳುಗಳನ್ನು ಮೊಣಕಾಲಿನ ಕಡೆಗೆ ಎಳೆದುಕೊಂಡಳು. ನರ ಬಿಗಿದು ಪರದೆ ದಾಳಿಂಬೆ ಒಡೆದಂತೆ ಕೆಂಪಾಯಿತು.

— ಕಾಲು ಸಡಿಲ ಬಿಡಿ ತೂದಾ.

— ಬಿಟ್ಟಿದೀನಲ್ಲ.

— ಇನ್ನೂ ಬಿಡಿ.

— ನನ್ನ ಕಾಲು ಇರೋದೇ ಹೀಗೆ ಡಾಕ್ಟ್ರೇ.

— ಮೀನಖಂಡ ಯಾಕೆ ಕಲ್ಲಾಗಿದೆ? ಅಂತ ಬಗ್ಗಿ ನೋಡಿದಳು ಹಾದ್ದಾ.

— ಚಳಿ, ಅತ್ತೆ!

— ಬೆವರ್ತಾ ಇದೀಯ.

— ಚಳಿ ಬೆವರು!

ಡಾಕ್ಟರ್ ಬಲಗಾಲನ್ನೂ ನೋಡಿದರು.

— ವಿಚಿತ್ರ. ನೋಯದ ಕಾಲಿಗಿಂತ ನೋಯೋ ಕಾಲೇ ಗಟ್ಟಿ!

ತಲೆ ಕೆರೆದುಕೊಂಡು 'ಓಡಲು ಅಡ್ಡಿಯಿಲ್ಲ' ಎಂದು ಚೀಟಿ ಬರೆದರು. ಸಹಿಗೆ ಮುಂಚೆ ಇನ್ನೊಮ್ಮೆ ನೋಡೋಣ ಎಂದು ಯಂತ್ರದ ತುದಿಯನ್ನು ಎಡಗಾಲಿಗೇ ಇಟ್ಟರು. ಆಗ ಅನೀರ್ ಎದ್ದ. ಎದ್ದವನು ಕಟ್ಟಡ ನಡುಗುವಂತೆ ಅತ್ತ.

— ಹಸಿವು, ತಗೋ, ಅಂತ ಹಾದ್ದಾ ಮಗುವನ್ನು ಬಿಚ್ಚಿಕೊಟ್ಟಳು.

ತೂದಾ ಮಗ್ಗುಲಾಗಿ ಹೊರಳಿ ಮಗುವನ್ನು ಎದೆಗೆ ಹಚ್ಚಿಕೊಂಡಳು. ಅವನ ಮುಷ್ಟಿ ಅವಳ ಕೊರಳಪಟ್ಟಿ ಹಿಡಿಯಿತು. ಹಾಲಿಳಿಯಿತು. ಭುಜ ಇಳಿಯಿತು, ಹುಬ್ಬು ಇಳಿಯಿತು, ಪಾದ ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು. ಅವಳಿಗೆ ಓಟವೂ ನೆನಪಿರಲಿಲ್ಲ.

ಪರದೆಯ ನಡುವೆ ನೀಲಿ ಬಂದು ಕೂತಿತು.

— ಹಾಂ, ಈಗ ಬಂತು ನಿಜ.

— ಡಾಕ್ಟ್ರೇ, ಇನ್ನೊಂದ್ಸಲ ನೋಡಿ! ಇವನ ಊಟ ಮುಗೀಲಿ!

— ಯಾಕೆ, ಮತ್ತೆ ಎಳೆದು ಹಿಡಿಯೋಕಾ? ಹನ್ನೆರಡು ವಾರ ಬೇಕು ತೂದಾ. ಭಾನುವಾರ ಓಡಿದ್ರೆ ನರ ಕಿತ್ತುಬರಬಹುದು. ಆಮೇಲೆ ಇವನು ನಡೆಯೋಕೆ ಕಲಿತಾಗ ಹಿಂದೆ ಓಡೋರು ಯಾರು?

ತೂದಾ ಮಗುವಿನ ತಲೆಯಲ್ಲಿ ಮುಖ ಹುದುಗಿಸಿದಳು. ಹಾದ್ದಾಳ ದನಿ ಸಣ್ಣಗಾಯಿತು.

— ಡಾಕ್ಟ್ರಮ್ಮಾ... ನನ್ನ ಬೆಣ್ಣೆಯೇ ಮೆತ್ತಗೆ ಮಾಡಿಬಿಡ್ತಾ?

— ಇಲ್ಲಮ್ಮಾ, ಬೆಣ್ಣೆ ಚರ್ಮ ದಾಟೇ ಇಲ್ಲ.

— ದಾಟೇ ಇಲ್ಲವಾ? ಎರಡು ವರ್ಷದ ಬೆಣ್ಣೆ! ನಿಮ್ಮ ಡಬ್ಬವೇ ಕೆಟ್ಟಿದೆ. ಎಲ್ಲಿ, ನನ್ನ ಕಾಲು ನೋಡಿ!

ಸೊಸೆಯನ್ನು ಪಕ್ಕಕ್ಕೆ ಸರಿಸಿ, ಉಣ್ಣೆಯ ಒಂದು ಕಾಲುಚೀಲ ಕಿತ್ತೊಗೆದು, ಅರವತ್ತೊಂದರ ಹಾದ್ದಾ ಬೋರಲಾಗಿ ಆಕಳಿಸಿದಳು. ಡಾಕ್ಟರ್ ಯಂತ್ರದ ತುದಿ ಇಟ್ಟರು. ಪಾದ ಸಡಿಲ. ಪರದೆ ಮೇಲಿಂದ ಕೆಳಗಿನವರೆಗೆ ಕೆಂಪು.

— ದಿನಾ ಏನು ಮಾಡ್ತೀರಮ್ಮಾ ನೀವು?

— ಏನು ಮಾಡ್ತೀನಿ? ಬೆಳಗ್ಗೆ ಒದ್ದೆ ಬಟ್ಟೆ ಬುಟ್ಟಿ ಹೊತ್ತು ಮೂರು ಅಂತಸ್ತು ಮೆಟ್ಟಿಲು ಹತ್ತಿ ತಾರಸಿಗೆ. ಮಧ್ಯಾಹ್ನ ಇವನನ್ನ ಬೆನ್ನಿಗೆ ಕಟ್ಕೊಂಡು ಬಿಸಿಲು ಕಾಯಿಸೋಕೆ ಮತ್ತೆ. ಸಂಜೆ ಬಟ್ಟೆ ತರೋಕೆ ಇನ್ನೊಂದ್ಸಲ. ಇವಳನ್ನ ಮಾತ್ರ ಹತ್ತೋಕೆ ಬಿಡಲ್ಲ. ಓಡೋ ಕಾಲು, ಸವೀಬಾರ್ದು.

ಡಾಕ್ಟರ್ ಯಂತ್ರದ ತುದಿ ಕೆಳಗಿಟ್ಟರು.

— ತೂದಾ, ನಾನು ಬರೆಯೋ ಔಷಧಿ ನಿಮ್ಮನೆ ಮೆಟ್ಟಿಲ ಮೇಲಿದೆ. ಮೆಟ್ಟಿಲಂಚಲ್ಲಿ ನಿಂತು ಹಿಮ್ಮಡಿ ನಿಧಾನ ಮೇಲೆ, ನಿಧಾನ ಕೆಳಗೆ. ಮೊದಲು ಬರಿಗೈ, ಆಮೇಲೆ ಬುಟ್ಟಿ, ಆಮೇಲೆ ಮಗು. ನಮ್ಮೂರ ಚೆರ್ರಿ ಹೂ ಬಿಡೋ ಹೊತ್ತಿಗೆ ಇನ್ನೊಂದು ಆಯ್ಕೆ ಓಟ ಇದೆ. ಅದಕ್ಕೆ ಬನ್ನಿ.

ತೂದಾ ಕಣ್ಣೊರೆಸಿಕೊಂಡು ಮೆಲ್ಲಗೆ ತಲೆಯಾಡಿಸಿದಳು.

— ಬುಟ್ಟಿ ಇನ್ನು ನನಗೆ ಬಿಡಿ ಅತ್ತೆ.

— ತಗೋ. ನಾನು ಕೆಳಗೆ ನಿಂತು ಎಣಿಸ್ತೀನಿ. ಮೋಸ ಮಾಡಿದ್ರೆ ನನಗೆ ಯಂತ್ರ ಬೇಡ, ಮೀನಖಂಡ ನೋಡಿದ್ರೆ ಸಾಕು.

ಡಾಕ್ಟರ್ ಸಹಿಯಿಲ್ಲದ ಚೀಟಿಯನ್ನು ಹರಿಯಲು ಎರಡು ಕೈಯಲ್ಲಿ ಹಿಡಿದರು. ಹಾದ್ದಾ ಒಂದೇ ಕಾಲುಚೀಲದಲ್ಲಿ ಮಂಚದಿಂದ ಜಿಗಿದಳು.

— ಹರೀಬೇಡಿ ಡಾಕ್ಟ್ರಮ್ಮಾ! ಭಾನುವಾರ ನನಗೆ ಬೇರೆ ಕೆಲಸ ಇಲ್ಲ. ಹೆಸರು ಮಾತ್ರ ಬದಲಾಯಿಸಿ.