ಗುದ್ದಿಸಿಕೊಂಡ ಚಂದ್ರನೂ ಮೈಕು ಕಳೆದುಕೊಂಡ ನಾನೂ

ಇಂದ
ವಿವರಣೆಗಾರ (ಹದಿಮೂರು ದಿನಗಳಿಂದ ಬ್ಯಾಗ್ ಕೊಠಡಿ),
ತಾರಾಲಯ.

ಗೆ
ನಿರ್ದೇಶಕರು,
ತಾರಾಲಯ.
(ಮನೆಯ ಲೆಕ್ಕದಲ್ಲಿ ನನ್ನ ಹೆಂಡತಿಯ ಅಣ್ಣ. ಈ ಅರ್ಜಿಯನ್ನು ಕಚೇರಿಯ ಲೆಕ್ಕದಲ್ಲೇ ಓದಿಕೊಳ್ಳತಕ್ಕದ್ದು.)

ವಿಷಯ: ನೌಕೆಯೊಂದು ಗುದ್ದಿದ ಮೇಲೆ ಕ್ಷುದ್ರಗ್ರಹದ ಚಂದ್ರ ತಿರುಗುವ ರೀತಿ ಬದಲಾಗಿರಬಹುದಾದ ಬಗ್ಗೆ, ಹಾಗೂ ಹಾಗೆಂದು ಹೇಳಿದ್ದಕ್ಕೆ ಕಿತ್ತುಕೊಂಡಿರುವ ಮೈಕನ್ನು ನನಗೆ ವಾಪಸು ಕೊಡುವ ಬಗ್ಗೆ.

ಉಲ್ಲೇಖ: 1. ತಮ್ಮ ಜ್ಞಾಪನ, ‘ನೌಕರ ತಿರುಗಿ ಬಿದ್ದಿರುವ ಕುರಿತು’.
2. ಹನ್ನೊಂದು ಗಂಟೆಯ ಪ್ರದರ್ಶನದಲ್ಲಿ ಬಸ್ ಚಾಲಕರೊಬ್ಬರು ಕೇಳಿದ ಪ್ರಶ್ನೆ.
3. ನನ್ನ ಹೆಂಡತಿ, ಅಂದರೆ ತಮ್ಮ ತಂಗಿ, ತಿಂಡಿಯ ಹೊತ್ತಿನಲ್ಲಿ ಆಡಿದ ಮಾತು (ಪೂರ್ಣ ಪಾಠ ಲಗತ್ತಿಸುವಂತಿಲ್ಲ).

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ತಮ್ಮ ಅನುಗ್ರಹದಿಂದ ಹನ್ನೊಂದು ವರ್ಷ ಈ ಕಚೇರಿಯ ಉಪಗ್ರಹವಾಗಿದ್ದ ನಾನು, ಯಾವುದೇ ಪೂರ್ವಗ್ರಹವಿಲ್ಲದೆ, ಆಗ್ರಹವನ್ನೂ ನಿಗ್ರಹಿಸಿಕೊಂಡು, ಕೆಳಕಂಡ ಅಂಶಗಳನ್ನು ತಮ್ಮ ಅವಗಾಹನೆಗೆ ತರಬಯಸುತ್ತೇನೆ.

1. ಗುಮ್ಮಟದ ಕೆಳಗೆ ದೀಪ ಆರಿದ ಮೇಲೆ ಮೈಕು ಹಿಡಿದು ಆಕಾಶವನ್ನು ವಿವರಿಸುವುದು ನನ್ನ ಕೆಲಸವಾಗಿತ್ತು. ಆಕಾಶ ಎಲ್ಲರದು, ಆದರೆ ವಿವರಣೆಯ ಪಠ್ಯ ತಮ್ಮದು. ಪ್ರತಿ ಪುಟಕ್ಕೂ ತಮ್ಮ ಸಹಿ ಇದೆ. ಪುಟ ನಾಲ್ಕರಲ್ಲಿ ಒಂದು ದೊಡ್ಡ ಕಲ್ಲು ಬರುತ್ತದೆ, ಅದನ್ನು ಸುತ್ತುವ ಒಂದು ಚಿಕ್ಕ ಕಲ್ಲು ಬರುತ್ತದೆ. ಚಿಕ್ಕದು ತಾನು ಒಂದು ಸಲ ತಿರುಗುವಷ್ಟರಲ್ಲಿ ದೊಡ್ಡದನ್ನು ಒಂದು ಸಲ ಸುತ್ತಿ ಮುಗಿಸಿರುತ್ತದೆ. ಆದ ಕಾರಣ ದೊಡ್ಡದಕ್ಕೆ ಸದಾ ಒಂದೇ ಮುಖ ತೋರಿಸುತ್ತದೆ. ಆಮೇಲೆ ನೌಕೆ ಬಂದು ಗುದ್ದುತ್ತದೆ. ಸುತ್ತುವ ಸಮಯ ಸುಮಾರು ಅರ್ಧ ಗಂಟೆ ಕಡಿಮೆಯಾಗುತ್ತದೆ. ಮುಂದಿನ ಸಾಲು ತಮ್ಮ ಸ್ವಂತ ಕೈಬರಹದ್ದು: ‘ಮಿಕ್ಕಿದ್ದು ಯಥಾಪ್ರಕಾರ.’

2. ಒಂದೇ ಮುಖ ತೋರಿಸುವ ಬದುಕು ನನಗೆ ಹೊಸದಲ್ಲ. ತಾವು ಭಾವ, ತಮ್ಮೆದುರು ನನ್ನದು ಮುಖಭಾವ. ವರಾಂಡದಲ್ಲಿ, ಸಭೆಯಲ್ಲಿ, ಭಾನುವಾರ ಮನೆಯ ಊಟದ ಮೇಜಿನಲ್ಲಿ ತೋರಿಸಿದ್ದು ಅದೊಂದನ್ನೇ. ಅದರ ಮೇಲಿನ ನಗುವನ್ನು ಕಚೇರಿಯ ಸ್ಥಿರಾಸ್ತಿ ಎಂದು ಪರಿಗಣಿಸಬಹುದು.

3. ಉಲ್ಲೇಖ 2ರ ಪ್ರದರ್ಶನದ ದಿನ ಶಾಲಾ ಮಕ್ಕಳ ಜೊತೆ ಅವರನ್ನು ಕರೆತಂದ ಬಸ್ಸುಗಳಲ್ಲೊಂದರ ಚಾಲಕರೂ ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ಪ್ರಶ್ನೆ ಕೇಳಕೂಡದೆಂದು ಟೀಚರು ಮಕ್ಕಳಿಗೆ ಹೇಳಿದ್ದರು. ಚಾಲಕರಿಗೆ ಯಾರೂ ಏನೂ ಹೇಳಿರಲಿಲ್ಲ.

“ಸ್ವಾಮಿ, ಒಂದ್ನಿಮಿಷ. ಆ ನೌಕೆ ಗುದ್ದಿದ್ದು ನಿಜ ತಾನೆ?”

“ನಿಜ.”

“ಬೇಕೂಂತಲೇ?”

“ಬೇಕೂಂತಲೇ. ನಾಳೆ ಯಾವುದಾದ್ರೂ ಕಲ್ಲು ಭೂಮಿ ಕಡೆ ಬಂದ್ರೆ ತಳ್ಳೋಕಾಗುತ್ತಾ ಅಂತ ನೋಡೋಕೆ.”

“ಆಯ್ತು. ಕಲ್ಲು ಓಡೋ ದಾರಿ ಬದಲಾಯ್ತು, ಮೈ ಮಾತ್ರ ನೆಟ್ಟಗೇ ಇದೆ ಅಂತೀರಿ. ಇಪ್ಪತ್ತೆರಡು ವರ್ಷದಿಂದ ಬಸ್ ಓಡಿಸ್ತಿದೀನಿ ನಾನು. ಒಂದ್ಸಲ ಲಾರಿಯವನು ಹಿಂದಿನ ಮೂಲೆಗೆ ತಗುಲಿಸಿದ. ಬಸ್ಸು ಮುಂದಕ್ಕೂ ಹೋಯ್ತು, ಹಾಗೇ ಗಿರ್ರಂತ ತಿರುಗಿ ಬಂದ ದಾರಿಗೇ ಮುಖ ಮಾಡ್ಕೊಂಡು ನಿಂತ್ಕೊಳ್ತು. ನಿಮ್ಮ ಕಲ್ಲಿಗೇನು ಸ್ಟೇರಿಂಗ್ ಇದೆಯಾ?”

ನಾನು ಪುಟ ನಾಲ್ಕನ್ನು ನೋಡಿದೆ. “ಮಿಕ್ಕಿದ್ದು ಯಥಾಪ್ರಕಾರ,” ಎಂದು ಓದಿದೆ.

“ನಮ್ಮ ಡಿಪೋದವ್ರೂ ರಿಪೋರ್ಟಲ್ಲಿ ಹಾಗೇ ಬರ್ದಿದ್ರು,” ಎಂದರು ಚಾಲಕರು.

4. ಆ ಏಟು ನನಗೆ ಬಿತ್ತು. ಆದ್ದರಿಂದ ಪಠ್ಯವನ್ನು ಕೆಳಗಿಟ್ಟು, ಗೊತ್ತಿದ್ದುದನ್ನು ಹೇಳಿದೆ. ಏನೆಂದರೆ: ಗುದ್ದಿಸಿಕೊಂಡ ಚಂದ್ರನ ಓಟದ ಲೆಕ್ಕ ಬದಲಾಯಿತು, ಆದರೆ ಅದು ಮೈ ತಿರುಗಿಸುತ್ತಿದ್ದುದು ಹಳೆಯ ಲೆಕ್ಕದಲ್ಲಿ. ಎರಡೂ ತಾಳ ತಪ್ಪಿದವು. ದುಂಡಗಿದ್ದ ದಾರಿ ತುಸು ಮೊಟ್ಟೆಯಾಕಾರಕ್ಕೆ ಬಂತು. ಏಟು ನಟ್ಟನಡುವೆ ಬೀಳದಿದ್ದರೆ ಅದರದೊಂದು ತಿರುಚು ಬೇರೆ. ಆದ ಕಾರಣ ಚಂದ್ರ ಅತ್ತಿತ್ತ ತೂಗಾಡುತ್ತಿರಬಹುದು. ತೂಗಾಟ ಜೋರಾಗಿದ್ದರೆ ಹಾಸಿಗೆಯ ಮೇಲೆ ಮಗ್ಗುಲು ಬದಲಿಸುವವರಂತೆ ಉರುಳುತ್ತಲೂ ಇರಬಹುದು. ‘ಇರಬಹುದು’ ಎಂಬುದನ್ನು ನಾನು ಒತ್ತಿ ಹೇಳಿದ್ದೇನೆ. ನೂರ ಎಂಬತ್ತು ಮಕ್ಕಳು ಸಾಕ್ಷಿ.

5. ಮಕ್ಕಳಿಗೆ ಇಷ್ಟು ಅರ್ಥವಾಗಲಿಲ್ಲ. ಆದ್ದರಿಂದ ಎರಡು ಧ್ವನಿಗಳಲ್ಲಿ ಮಾಡಿ ತೋರಿಸಿದೆ. ಚಿಕ್ಕ ಕಲ್ಲಿಗೆ ನನ್ನ ಧ್ವನಿ ಕೊಟ್ಟೆ. ದೊಡ್ಡ ಕಲ್ಲಿಗೆ ಗಟ್ಟಿಯಾದ, ಘನವಾದ, ಸುತ್ತಲಿನವರನ್ನು ಹಿಡಿದಿಡುವ ಧ್ವನಿಯೊಂದು ಬೇಕಿತ್ತು. ಕೈಗೆಟುಕುವಂತೆ ಇದ್ದುದು ತಮ್ಮದೇ.

“ಮೊದಲನೆಯದಾಗಿ, ನಾನು ಕ್ಷುದ್ರಗ್ರಹ. ಏನ್ರೀ, ಎಲ್ಲಿ ನೋಡ್ತಿದೀರಿ? ಮುಖ ಎಲ್ಲಿ?”

“ಇಲ್ಲೇ ಎಲ್ಲೋ ಇತ್ತು ಸರ್. ಈಗ ಕಿವಿ ಬಂದಿದೆ. ಸ್ವಲ್ಪ ತಡೀರಿ, ಬೆನ್ನು ಬರ್ತಿದೆ.”

“ಇಷ್ಟು ವರ್ಷದಲ್ಲಿ ನಿಮ್ಮ ಬೆನ್ನೇ ನೋಡಿರ್ಲಿಲ್ವಲ್ರೀ ನಾನು!”

“ನಾನೂ ನೋಡಿರ್ಲಿಲ್ಲ ಸರ್.”

ಆ ಧ್ವನಿ ಯಾರದೆಂದು ಮಕ್ಕಳಿಗೆ ಗೊತ್ತಿರಲಿಲ್ಲ. ಹಿಂದಿನ ಬಾಗಿಲಲ್ಲಿ ನಿಂತಿದ್ದ ತಾವು ಅದೇ ಧ್ವನಿಯಲ್ಲಿ “ಮೊದಲನೆಯದಾಗಿ, ಲೈಟ್ ಹಾಕ್ರೀ!” ಎಂದು ಕೂಗಿದ ಮೇಲೆಯೇ ಗೊತ್ತಾದದ್ದು. ಈ ಅಂಶ ತಮ್ಮ ಜ್ಞಾಪನದಲ್ಲಿ ಬಿಟ್ಟುಹೋಗಿದೆ.

6. ಜ್ಞಾಪನದ ಮೊದಲ ಆರೋಪ, ನಾನು ತಮ್ಮನ್ನು ‘ಕ್ಷುದ್ರ’ ಎಂದೆನೆಂಬುದು. ಕ್ಷುದ್ರಗ್ರಹ ಎಂಬುದು ಪಠ್ಯಪುಸ್ತಕದ ಪದ, ಹೆಸರಿಟ್ಟವನು ನಾನಲ್ಲ. ‘ಗ್ರಹ’ ಎಂಬ ಭಾಗ ಮಕ್ಕಳ ನಗುವಿನಲ್ಲಿ ಮುಳುಗಿ ತಮಗೆ ಉಳಿದದ್ದಷ್ಟೇ ಕೇಳಿಸಿದ್ದರೆ ಅದು ಗುಮ್ಮಟದ ಪ್ರತಿಧ್ವನಿ ದೋಷ. ಆ ಬಗ್ಗೆ ಎರಡು ವರ್ಷದ ಹಿಂದೆಯೇ ಟಿಪ್ಪಣಿ ಸಲ್ಲಿಸಿದ್ದೇನೆ. ಎರಡನೇ ಆರೋಪ, ನಾನು ‘ತಿರುಗಿ ಬಿದ್ದಿದ್ದೇನೆ’ ಎಂಬುದು. ವಾಸ್ತವದಲ್ಲಿ ಚಂದ್ರ ತಿರುಗಿದೆ, ಬಿದ್ದಿಲ್ಲ. ನಾನು ಬಿದ್ದಿದ್ದೇನೆ, ತಿರುಗಿಲ್ಲ.

7. ಬಿದ್ದಿರುವ ಜಾಗ ಬ್ಯಾಗ್ ಕೊಠಡಿ. ನಾಲ್ಕು ಕಬ್ಬಿಣದ ಕಪಾಟು, ತೊಂಬತ್ತಾರು ಟೋಕನ್, ಯಾರೂ ವಾಪಸು ಕೇಳದ ಹದಿನೇಳು ಕೊಡೆ. ಗೋಡೆಯಾಚೆ ಈಗ ಬರೀ ಚಿತ್ರ, ಸಂಗೀತ. ಜನ ಹೊರಗೆ ಬಂದು ಟೋಕನ್ ಕೊಡುತ್ತಾ “ಅಲ್ಲಾ, ಆ ಕಲ್ಲಿಗೆ ಕೊನೆಗೆ ಏನಾಯ್ತು?” ಎಂದು ಕೇಳುತ್ತಾರೆ. ‘ಇಲ್ಲಿ ಖಗೋಳ ವಿವರಣೆ ನಿಷೇಧಿಸಲಾಗಿದೆ’ ಎಂಬ ಫಲಕವನ್ನು ತಾವು ಹಾಕಿಸಿರುವ ಕಾರಣ, ಮಾತಾಡದೆ ಅವರ ಬ್ಯಾಗನ್ನೇ ಉರುಳಿಸಿ ತೋರಿಸುತ್ತೇನೆ. ಒಂದು ಕನ್ನಡಕ ಒಡೆದಿದೆ. ಅದನ್ನು ಒಪ್ಪಿಕೊಳ್ಳುತ್ತೇನೆ.

8. ಉಲ್ಲೇಖ 3ರ ಮಾತಿನಲ್ಲಿ ಬರೆಯಲು ಯೋಗ್ಯವಾದಷ್ಟು: “ಅಣ್ಣ ನಿಮ್ಮನ್ನ ಮಾತಾಡಿಸಲ್ಲ, ನೀವು ಅವನನ್ನ ಮಾತಾಡಿಸಲ್ಲ. ಇಬ್ರೂ ಸೇರಿ ನನ್ನ ತಲೆ ಸುತ್ತಿಸ್ತಿದೀರಿ. ಅವನ ಥರ ಮಾತಾಡೋಕೆ ಬರುತ್ತಲ್ಲ ನಿಮಗೆ, ಅವನ ಜೊತೆ ಮಾತಾಡೋಕೆ ಬರಲ್ವಾ?” ಬರುವುದಿಲ್ಲ ಎಂದು ತಿಳಿದುಬಂದ ಮೇಲೆ ಈ ಅರ್ಜಿ ಬರೆಯಲು ಕುಳಿತೆ.

9. ನನ್ನ ಬದಲಿಗೆ ತಮ್ಮದೇ ಧ್ವನಿಯ ಟೇಪು ಹಾಕಲು ತಾವು ಆದೇಶಿಸಿದ್ದೀರಿ. ಟೇಪಿನ ಬಗ್ಗೆ ಒಂದು ಸಣ್ಣ ಸಂಗತಿಯಿದೆ. ರೆಕಾರ್ಡಿಂಗ್ ಕೊಠಡಿಯ ಗುಂಡಿಯಣ್ಣ (ಗುಂಡಿ ಒತ್ತುವುದೇ ಕೆಲಸವಾದ್ದರಿಂದ ಎಲ್ಲರ ಬಾಯಲ್ಲೂ ಹೀಗೆ) ಕಳೆದ ಗುರುವಾರ ನನ್ನಲ್ಲಿಗೆ ಬಂದು ಕೊಡೆಗಳ ಪಕ್ಕ ಕುಸಿದು ಕುಳಿತ.

“ಸರ್ ‘ಮೊದಲನೆಯದಾಗಿ’ ಅಂತಾರೆ, ಕೆಮ್ತಾರೆ. ನೀರು ಕುಡೀತಾರೆ, ‘ಮೊದಲನೆಯದಾಗಿ’ ಅಂತಾರೆ, ಕೆಮ್ತಾರೆ. ನಾಲ್ಕು ದಿನದಿಂದ ಮೊದಲನೆಯದರಲ್ಲೇ ಇದೀವಿ ಕಣೋ. ಮಂಗಳವಾರ ಟೇಪ್ ಶೋ ಉದ್ಘಾಟನೆ. ಪುಣ್ಯಾತ್ಮ, ನೀನೇ ಬಂದು ಸರ್ ಥರ ಓದಿಬಿಡು.”

ಓದಿದೆ. ನಲವತ್ತು ನಿಮಿಷ, ಒಂದೂ ಕೆಮ್ಮಿಲ್ಲದೆ. ಪುಟ ನಾಲ್ಕಕ್ಕೆ ಬಂದಾಗ, ತಮ್ಮ ಧ್ವನಿಯಲ್ಲಿ ತಪ್ಪು ಹೇಳುವುದು ತಮಗೆ ಮಾಡುವ ಅವಮಾನವೆಂದು ಭಾವಿಸಿ (ಶ್ಲೇಷೆ ಉದ್ದೇಶಪೂರ್ವಕವಲ್ಲ), ‘ಯಥಾಪ್ರಕಾರ’ ಬಿಟ್ಟು, ಅಂಶ 4ರಲ್ಲಿ ಹೇಳಿದ್ದನ್ನೇ ಓದಿದೆ. ಟೇಪು ಕೇಳಿದ ತಾವು ಹೇಳಿದ್ದನ್ನು ಗುಂಡಿಯಣ್ಣ ವರದಿ ಮಾಡಿದ್ದಾನೆ:

“ನೋಡ್ದ್ಯಾ, ಕೆಮ್ಮು ಕತ್ತರಿಸಿದ್ಮೇಲೆ ನನ್ನ ಧ್ವನಿ ಹೇಗಿದೆ! ಆ ತೂಗಾಡೋ ವಿಷಯ ನಾನು ಯಾವಾಗ ಹೇಳ್ದೆ?”

“ಮೊದಲ ದಿನಾನೇ ಹೇಳಿದ್ರಿ ಸರ್.”

“ಹೇಳಿರ್ತೀನಿ. ಸರಿಯಾಗೇ ಇದೆ.”

ತದನಂತರ ತಾವು ಚೀಟಿಯ ಮೇಲೆ ‘ಧ್ವನಿ ನನ್ನದೇ. ವಿಷಯ ಸರಿ. ಅನುಮೋದಿಸಿದೆ’ ಎಂದು ಬರೆದು ಸಹಿ ಹಾಕಿದ್ದೀರಿ. ಇದನ್ನೆಲ್ಲ ಇಲ್ಲಿ ನಮೂದಿಸಲು ಗುಂಡಿಯಣ್ಣನ ಒಪ್ಪಿಗೆಯಿದೆ. ಅವನಿಗೆ ಈ ಶನಿವಾರ ನಿವೃತ್ತಿಯಾಯಿತು.

ಆದ್ದರಿಂದ, ಒಂದೇ ಮಾತನ್ನು ಒಂದೇ ಗಂಟಲು ಒಂದೇ ಧ್ವನಿಯಲ್ಲಿ ಎರಡು ಸಲ ಹೇಳಿದಾಗ ಮೊದಲ ಸಲ ಶಿಸ್ತುಕ್ರಮವೂ ಎರಡನೇ ಸಲ ಅನುಮೋದನೆಯೂ ದೊರೆತಿರುವ ಕಾರಣ, ಎರಡರಲ್ಲೊಂದನ್ನು ರದ್ದುಪಡಿಸಬೇಕಾಗಿಯೂ, ರದ್ದಾಗುವುದು ಶಿಸ್ತುಕ್ರಮವೇ ಆದಲ್ಲಿ ಮಂಗಳವಾರದೊಳಗೆ ನನ್ನ ಮೈಕು ನನಗೆ ಕೊಡಿಸಬೇಕಾಗಿಯೂ ಪ್ರಾರ್ಥಿಸುತ್ತೇನೆ. ರದ್ದಾಗುವುದು ಅನುಮೋದನೆಯಾದರೆ, ‘ಧ್ವನಿ ನನ್ನದೇ’ ಎಂಬುದನ್ನು ತಾವೇ ಸ್ವಹಸ್ತದಿಂದ ಹೊಡೆದುಹಾಕಬೇಕಾಗುತ್ತದೆ.

ಮುಖ ಯಾವ ಕಡೆಗಿದ್ದರೂ,
ತಮ್ಮ ವಿಶ್ವಾಸಿ,
ವಿವರಣೆಗಾರ

ಲಗತ್ತುಗಳು:
1. ಜ್ಞಾಪನದ ನಕಲು.
2. ಅನುಮೋದನೆ ಚೀಟಿಯ ನಕಲು (ಮೂಲ ಪ್ರತಿ ತಮ್ಮ ತಂಗಿಯ ವಶದಲ್ಲಿದೆ).
3. ಒಡೆದ ಕನ್ನಡಕ, ಒಂದು.

ವಿಶೇಷ ಸೂಚನೆ: ಟೇಪು ಪ್ರಶ್ನೆಗಳಿಗೆ ಉತ್ತರ ಕೊಡುವುದಿಲ್ಲ. ಉದ್ಘಾಟನೆಯ ದಿನ ಅತಿಥಿಗಳಲ್ಲಿ ಯಾರಾದರೂ ಕೈ ಎತ್ತಿದರೆ ಬ್ಯಾಗ್ ಕೊಠಡಿಗೆ ಹೇಳಿಕಳುಹಿಸಬಹುದು, ಕೂಡಲೇ ಬರುತ್ತೇನೆ. ಉತ್ತರವನ್ನು ತಮ್ಮ ಧ್ವನಿಯಲ್ಲಿ ಹೇಳಬೇಕೋ ನನ್ನ ಧ್ವನಿಯಲ್ಲೋ ಎಂಬುದನ್ನು ಮಾತ್ರ ಮುಂಚಿತವಾಗಿ ಲಿಖಿತ ಆದೇಶದ ಮೂಲಕ ತಿಳಿಸಬೇಕೆಂದು ಕೋರಿಕೆ.